ಇಳಿಜಾರಿನ ಗೇರು

ನಾನು ಕಾರು ನಡೆಸಲು ಕಲಿತದ್ದು ೧೯೭೪ರಲ್ಲಿ. ಆಗ ನನಗೆ ಇಪ್ಪತ್ತಮೂರು ವರ್ಷ. ಗುರುಗಳು ನನ್ನ ಸೋದರಮಾವ. ವಾಹನ ಅವರ ಅಂಬಾಸಿಡರ್. ಅಕ್ಷರಾಭ್ಯಾಸ ತೀರ್ಥಹಳ್ಳಿಯ ಬಯಲಿನಲ್ಲಿ ನಡೆದರೂ ವ್ಯಾಕರಣದ ಪಾಠವಾದದ್ದು ಆಗುಂಬೆಯ ಘಟ್ಟದಲ್ಲಿ. ಹದಿನಾಲ್ಕು ಕಡಿದಾದ ತಿರುವುಗಳ ಆ ದಾರಿಯಲ್ಲಿ ಮಾವ ಹೇಳಿಕೊಟ್ಟ ಸೂತ್ರಗಳು ಎರಡೇ ಎರಡು. ಹತ್ತಿ ಬರುವವನಿಗೆ ಇಳಿಯುವವನು ದಾರಿ ಬಿಡಬೇಕು, ಇದು ಒಂದು. “ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ, ಬ್ರೇಕನ್ನೇ ನಂಬಬೇಡ,” ಇದು ಇನ್ನೊಂದು. ಇಳಿಜಾರಿನುದ್ದಕ್ಕೂ ತುಳಿದೇ ಇದ್ದರೆ ಬ್ರೇಕು ಕಾದು, ಬೇಕಾದ ಗಳಿಗೆಯಲ್ಲಿ ಕೈಕೊಡುತ್ತದೆ. ಅಂದು ಇವು ಘಟ್ಟಕ್ಕೆ ಮಾತ್ರ ಸಂಬಂಧಿಸಿದ ಮಾತುಗಳೆಂದು ತಿಳಿದಿದ್ದೆ. ಎಪ್ಪತ್ತು ದಾಟಿದ ಮೇಲೆ, ವಯಸ್ಸಿಗೂ ಇವು ಸಲ್ಲುತ್ತವೆ ಎಂದು ತೋರುತ್ತಿದೆ.

ಊಟದ ರುಚಿಯಂತೆ ಚಾಲನೆಯ ರುಚಿಯೂ ಒಬ್ಬೊಬ್ಬರದು ಒಂದೊಂದು ಬಗೆ. ೧೯೮೬ರಲ್ಲಿ ನಾನು ಕೊಂಡದ್ದು ಒಬ್ಬರ ಕೈದಾಟಿ ಬಂದ ಫಿಯಟ್. ಮಾರುತಿ ೮೦೦ ಬಂದು ಮೂರು ವರ್ಷವಾಗುತ್ತ ಬಂದಿತ್ತು; ಗೆಳೆಯರು ನನ್ನನ್ನು ನೋಡಿ ನಕ್ಕರು. ಆದರೆ ಸ್ಟೀರಿಂಗಿನ ಬದಿಯಲ್ಲಿ ಎಳೆಯ ಕೊಂಬೆಯಂತೆ ಚಾಚಿಕೊಂಡಿದ್ದ ಆ ಗೇರಿನ ಹಿಡಿಕೆಯ ಸುಖ ನನಗೆ ಗೊತ್ತು. ಕಿಟಕಿಯ ಗಾಜಿಳಿಸಿ, ಬಲಗೈ ಹೊರಚಾಚಿ ಬಲಕ್ಕೆ ತಿರುಗುವುದು, ಕೈಯನ್ನು ಮೇಲೆ ಕೆಳಗೆ ಆಡಿಸಿ ನಿಧಾನವಾಗುತ್ತಿದ್ದೇನೆಂದು ತಿಳಿಸುವುದು ದಾರಿಹೋಕರೊಡನೆ ಮಾತನಾಡಿದಂತೆಯೇ ಇತ್ತು. ಈಗ ನನ್ನಲ್ಲಿರುವ ಕಾರು ಬೇರೆ. ಕ್ಲಚ್ಚೇ ಇಲ್ಲದ ಕಾರು ಕೊಳ್ಳಿರೆಂದು ಮಗ ಹೇಳುತ್ತಾನೆ. ಎಡಗಾಲಿಗೆ ಇರುವ ಒಂದು ಉದ್ಯೋಗವನ್ನೂ ಏಕೆ ಕಳೆಯಬೇಕೆಂದು ನಾನು ಕೇಳುತ್ತೇನೆ.

ಆದರೆ ಈ ರುಚಿಗಳ ನಡುವೆ ಕೆಲವು ಕಳ್ಳರುಚಿಗಳು ಸೇರಿಕೊಂಡದ್ದು ನನಗೆ ತಡವಾಗಿ ತಿಳಿಯಿತು. “ಬೆಳಗಿನ ಹೊತ್ತು ಕಾರು ನಡೆಸುವುದು ನನಗೆ ಇಷ್ಟ,” ಎನ್ನುತ್ತಿದ್ದೆ. ರಾತ್ರಿ ನನಗೆ ಸರಿಯಾಗಿ ಕಾಣುವುದಿಲ್ಲವೆಂಬುದು ನಿಜವಾದ ಮಾತು. “ಸ್ವಲ್ಪ ಬಳಸಿದರೂ ಆ ಬೀದಿಯೇ ಚೆನ್ನ,” ಎನ್ನುತ್ತಿದ್ದೆ. ಎದುರಿನಿಂದ ಬರುವ ವಾಹನಗಳ ವೇಗವನ್ನು ಅಳೆದು, ಅವುಗಳ ನಡುವೆ ಬಲಕ್ಕೆ ತಿರುಗಲು ಧೈರ್ಯ ಸಾಲದೆಂಬುದು ನಿಜ. ನಮ್ಮ ಅಶಕ್ತಿ ಅಭಿರುಚಿಯ ಶಾಲು ಹೊದ್ದು ಬರುತ್ತದೆ. ಬಳಸಿ ಹೋಗುವುದು ತಪ್ಪಲ್ಲ, ಜಾಣತನವೇ. ಆದರೆ ಏಕೆ ಬಳಸುತ್ತಿದ್ದೇನೆಂದು ತನಗೆ ತಾನೇ ಸುಳ್ಳು ಹೇಳಿಕೊಂಡವನು, ಬಳಸಲು ಬೇರೆ ದಾರಿಯಿಲ್ಲದ ದಿನ ಸಿಕ್ಕಿಬೀಳುತ್ತಾನೆ.

ನಾನು ಸಿಕ್ಕಿಬಿದ್ದದ್ದು ಎರಡು ವರ್ಷದ ಕೆಳಗೆ, ಕಾರ್ತಿಕದ ಒಂದು ಸಂಜೆ. ತೀರ್ಥಹಳ್ಳಿಯಲ್ಲಿರುವ ಅಕ್ಕನ ಮನೆಯಲ್ಲಿ ಊಟ, ಆಮೇಲೆ ಮಾತು, ಆಮೇಲೆ ಕಾಫಿ ಎಂದು ಹೊತ್ತು ಸರಿಯಿತು. ಶಿವಮೊಗ್ಗಕ್ಕೆ ಮರಳುವಾಗ ಮಂಡಗದ್ದೆ ದಾಟುವಷ್ಟರಲ್ಲಿ ಕತ್ತಲಾಗಿತ್ತು. ಎದುರಿಗೆ ಬಂದ ಲಾರಿಯ ದೀಪ ಕಣ್ಣಿಗೆ ಹೊಡೆಯಿತು. ಲಾರಿ ಹೋಯಿತು, ಕತ್ತಲೆ ಮಾತ್ರ ಹೋಗಲಿಲ್ಲ. ಅದು ತಿಳಿಯಾಗುತ್ತಲೇ, ಸೈಕಲ್ಲಿಗೆ ಹುಲ್ಲಿನ ಹೊರೆ ಕಟ್ಟಿ ತಳ್ಳಿಕೊಂಡು ಹೋಗುತ್ತಿದ್ದ ಮುದುಕರೊಬ್ಬರು ಕಾರಿನ ಮುಂದೆಯೇ ಇದ್ದರು. ಬ್ರೇಕು ಹಿಡಿಯಿತು. ನಮ್ಮಿಬ್ಬರ ನಡುವೆ ಉಳಿದದ್ದು ಒಂದು ಮಾರು ಜಾಗ. ಅವರು ಬೈಯಲಿಲ್ಲ. ಹತ್ತಿರ ಬಂದು ಕಿಟಕಿಯಲ್ಲಿ ಬಗ್ಗಿ, “ಕಾಣ್ಲಿಲ್ವಾ ಸ್ವಾಮಿ?” ಎಂದು ಕೇಳಿದರು.

ಮನೆಗೆ ಬಂದು ಹೆಂಡತಿಯೊಡನೆ, “ಅವರ ಸೈಕಲ್ಲಿಗೆ ದೀಪವೇ ಇರಲಿಲ್ಲ,” ಎಂದೆ. “ಅವರಿಗೆ ಇರಲಿಲ್ಲ ಸರಿ, ನಿಮಗೆ ಎರಡಿತ್ತಲ್ಲ,” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮರುವಾರ ಕಣ್ಣಿನ ವೈದ್ಯರ ಬಳಿಗೆ ಹೋದೆ. ವಯಸ್ಸಾದಂತೆ ಕಣ್ಣಿನ ಪಾಪೆ ಕತ್ತಲಲ್ಲಿ ಮೊದಲಿನಷ್ಟು ಹಿಗ್ಗುವುದಿಲ್ಲ. ಒಳಗಿನ ಮಸೂರ ಹಳದಿಗಟ್ಟಿ ಮಬ್ಬಾಗುತ್ತದೆ. ಪ್ರಖರವಾದ ಬೆಳಕು ಬಡಿದ ಮೇಲೆ ದೃಷ್ಟಿ ಮರಳಲು ಹೆಚ್ಚು ಹೊತ್ತು ಬೇಕು. ಲೆಕ್ಕ ನಾನೇ ಹಾಕಿಕೊಂಡೆ. ಗಂಟೆಗೆ ೬೦ ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು ೧೭ ಮೀಟರ್. ಮೂರು ಸೆಕೆಂಡು ಕಣ್ಣು ಕತ್ತಲಿಟ್ಟರೆ ೫೦ ಮೀಟರ್ ದೂರ ನಾನು ಕುರುಡನಾಗಿಯೇ ಸಾಗುತ್ತೇನೆ. ಅಷ್ಟು ದಾರಿಯಲ್ಲಿ ಎಷ್ಟು ಜನ ನಡೆಯುತ್ತಿರಬಹುದು! ಪೊರೆಯ ಶಸ್ತ್ರಚಿಕಿತ್ಸೆ ಆಯಿತು. ಪಂಚೆ ಇಷ್ಟು ಬೆಳ್ಳಗಿರುತ್ತದೆಂಬುದೇ ನನಗೆ ಮರೆತುಹೋಗಿತ್ತು. ಹಾಗಿದ್ದರೂ ರಾತ್ರಿಯ ಚಾಲನೆಗೆ ಅಂದೇ ಕೈಮುಗಿದೆ, ಈ ಸಲ ನಿಜವಾದ ಕಾರಣವನ್ನು ಹೇಳಿಯೇ.

ಕಣ್ಣಿನ ಪರೀಕ್ಷೆಯಾಯಿತು, ಕೈಯ ಪರೀಕ್ಷೆಯೂ ಆಗಲೆಂದು ನಮ್ಮೂರಿನ ಒಂದು ಚಾಲನಾ ತರಬೇತಿ ಶಾಲೆಗೆ ಹೋಗಿ, ಒಂದು ಗಂಟೆ ನನ್ನ ಪಕ್ಕದಲ್ಲಿ ಕುಳಿತುಕೊಳ್ಳಿ ಎಂದು ಕೇಳಿದೆ. ಬಂದ ಹುಡುಗನಿಗೆ ಇಪ್ಪತ್ತೈದಿದ್ದರೆ ಹೆಚ್ಚು. ಕ್ಲಚ್ಚಿನ ಮೇಲೆ ಸದಾ ಕಾಲೂರಿದ್ದೇನೆ, ಎಡಗನ್ನಡಿ ನೋಡುವುದಿಲ್ಲ, ಕತ್ತು ತಿರುಗದ ಕಾರಣ ಹಿಂದಕ್ಕೆ ಹೋಗುವಾಗ ಊಹೆಯಿಂದಲೇ ಹೋಗುತ್ತೇನೆ, ನಿಧಾನವೇ ಸುರಕ್ಷಿತವೆಂದುಕೊಂಡು ರಸ್ತೆಯ ನಡುವೆ ತೆವಳಿ, ಹಿಂದಿನವರು ಅಪಾಯಕರವಾಗಿ ಮುನ್ನುಗ್ಗುವಂತೆ ಮಾಡುತ್ತೇನೆ. ಇಷ್ಟನ್ನೂ ಹೇಳಿ ಆತ ವಿನಯದಿಂದ, “ಐವತ್ತು ವರ್ಷದ ಅನುಭವ ಅಂದ್ರಲ್ಲ ಸಾರ್, ಈ ತಪ್ಪುಗಳಿಗೂ ಅಷ್ಟೇ ವಯಸ್ಸಾಗಿರಬೇಕು,” ಎಂದ. ಜೀವನವಿಡೀ ವಿದ್ಯಾರ್ಥಿಗಳ ಉತ್ತರಪತ್ರಿಕೆ ತಿದ್ದಿದವನಿಗೆ ಕೊನೆಗೆ ತನ್ನ ಪತ್ರಿಕೆಯೂ ಕೈಗೆ ಬಂತು.

ಅಂದಿನಿಂದ ಕೆಲವು ಅಭ್ಯಾಸಗಳನ್ನು ಹಚ್ಚಿಕೊಂಡಿದ್ದೇನೆ. ಬೆಳಿಗ್ಗೆ ಎದ್ದೊಡನೆ ಕತ್ತನ್ನು ಎರಡೂ ಬದಿಗೆ ಮೆಲ್ಲನೆ ತಿರುಗಿಸುತ್ತೇನೆ. ಹಗಲು ಬೆಳಕಿನಲ್ಲಿ ೨೫ ಮೀಟರ್ ದೂರದ ಕಾರಿನ ಸಂಖ್ಯಾಫಲಕ ಓದಲು ಬರುತ್ತದೆಯೇ ಎಂದು ಪರವಾನಗಿಯ ಅರ್ಜಿಯಲ್ಲಿ ಕೇಳುತ್ತಾರೆ. ನಾನು ವಾರಕ್ಕೊಮ್ಮೆ ಬಾಗಿಲಲ್ಲಿ ನಿಂತು ನೆರೆಮನೆಯ ಕಾರಿನ ಮೇಲೆ ಆ ಪರೀಕ್ಷೆ ನಡೆಸಿಕೊಳ್ಳುತ್ತೇನೆ. ಮುಂದಿನ ವಾಹನ ದಾಟಿದ ಕಂಬವನ್ನು ನಾನು ದಾಟುವುದರೊಳಗೆ ನಿಧಾನವಾಗಿ ಮೂರು ಎಣಿಸುವಷ್ಟು ಅಂತರವಿರಬೇಕು. ಒಬ್ಬನೇ ಇರುವಾಗ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ: “ಎಡಕ್ಕೆ ಶಾಲೆ, ಬಸ್ಸು ನಿಂತಿದೆ, ಅದರ ಮುಂದಿನಿಂದ ಮಗು ಓಡಿ ಬಂದೀತು.” ನಾಲಗೆ ಎಚ್ಚರವಾಗಿದ್ದರೆ ಕಣ್ಣು ತೂಕಡಿಸುವುದಿಲ್ಲ. ನೆಗಡಿಯ ಮಾತ್ರೆ ನುಂಗಿದ ದಿನ ಕಾರು ಮುಟ್ಟುವುದಿಲ್ಲ. ಕೆಲಸವಿರಲಿ ಇಲ್ಲದಿರಲಿ, ವಾರಕ್ಕೆರಡು ಬಾರಿ ಕಾರನ್ನು ಹೊರತೆಗೆಯುತ್ತೇನೆ. ಕುಡುಗೋಲಿಗೆ ಹಿಡಿಯುವ ತುಕ್ಕು ಕೈಗೂ ಹಿಡಿಯುತ್ತದೆ. ಇದೇ ನನ್ನ ಇಳಿಜಾರಿನ ಗೇರು.

ಇಷ್ಟಾದರೂ ನಿಲ್ಲಿಸಬೇಕಾದ ದಿನವೊಂದು ಬಂದೇ ಬರುತ್ತದೆ. ನಮ್ಮ ದೇಶದಲ್ಲಿ ಕಾನೂನು ಅದಕ್ಕೆ ಇಂತಿಷ್ಟೇ ವಯಸ್ಸೆಂದು ಗೊತ್ತುಮಾಡಿಲ್ಲ. ೫೫ ದಾಟಿದವನಿಗೆ ಐದೈದು ವರ್ಷಕ್ಕೆ ಪರವಾನಗಿಯ ನವೀಕರಣ, ಜೊತೆಗೊಂದು ವೈದ್ಯರ ಪತ್ರ, ಅಷ್ಟೇ. ಕಣ್ಣು ಮಂದವಾಗುವುದಕ್ಕೆ ಐದು ವರ್ಷ ಬೇಕೆಂದಿಲ್ಲ. ಹಾಗಾದರೆ ಆ ದಿನವನ್ನು ಗೊತ್ತುಮಾಡುವವರು ಯಾರು?

ಮಾವನ ವಿಷಯದಲ್ಲಿ ಅದನ್ನು ಗೊತ್ತುಮಾಡಿದವರು ನಾವು. ಅವರಿಗೆ ಎಪ್ಪತ್ತಾರಾಗಿತ್ತು. ಎರಡು ಸಲ ಗೇಟಿನ ಕಂಬಕ್ಕೆ ಕಾರು ಉಜ್ಜಿದ್ದರು; ಮೂರನೆಯ ಸಲ ಒಂದು ಕರುವಿನ ಕಾಲು ಮುರಿಯಿತು. ಮನೆಯವರೆಲ್ಲ ಸೇರಿ ಮಾತಾಡಿಕೊಂಡೆವು. ಅವರೊಡನೆ ಮಾತ್ರ ಯಾರೂ ಮಾತಾಡಲಿಲ್ಲ. ಕಾರಿನ ಬೀಗದ ಕೈಯನ್ನು ಅಕ್ಕಿಯ ಡಬ್ಬಿಯಲ್ಲಿ ಬಚ್ಚಿಟ್ಟವನು ನಾನೇ. ಮಾವ ಎರಡು ದಿನ ಹುಡುಕಿದರು. ಮೂರನೆಯ ದಿನ ಹುಡುಕುವುದನ್ನು ಬಿಟ್ಟರು. ಆಮೇಲೆ ನಾಲ್ಕು ವರ್ಷ ಬದುಕಿದ್ದರು. ನನ್ನ ಕಾರಿನಲ್ಲಿ ಕುಳಿತಾಗಲೆಲ್ಲ ಹಿಂದಿನ ಆಸನದಲ್ಲೇ ಕುಳಿತರು. ಪಕ್ಕದಲ್ಲಿ ಒಮ್ಮೆಯೂ ಕೂರಲಿಲ್ಲ. ನಾವು ಮಾಡಿದ್ದು ಸರಿ, ಮಾಡಿದ ರೀತಿ ಸರಿಯಲ್ಲ. ಹತ್ತುವವನಿಗೆ ದಾರಿ ಬಿಡಬೇಕೆಂದು ಕಲಿಸಿದವರು ಅವರು. ಎದುರು ನಿಂತು ಕೇಳಿದ್ದರೆ ಬಿಡುತ್ತಿದ್ದರೋ ಏನೋ. ಕೇಳುವ ಧೈರ್ಯ ನನಗಿರಲಿಲ್ಲ.

ನನ್ನ ಮಕ್ಕಳಿಗೆ ಆ ಕಷ್ಟ ಬೇಡವೆಂದು ಕಳೆದ ಯುಗಾದಿಯಂದು ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿದೆ: “ನಿಮ್ಮಲ್ಲಿ ಯಾರಿಗೇ ಆಗಲಿ, ನನ್ನ ಪಕ್ಕದಲ್ಲಿ ಕುಳಿತಾಗ ಭಯವಾದರೆ ಅಂದೇ ಹೇಳಿಬಿಡಿ. ನಾನು ವಾದ ಮಾಡುವುದಿಲ್ಲ.” ಮಗ ಏನೂ ಹೇಳದೆ ತಲೆಯಾಡಿಸಿದ. ಹೆಂಡತಿ, “ವಾದ ಮಾಡುವುದಿಲ್ಲ ಅನ್ನೋದನ್ನ ಬರೆದುಕೊಡಿ,” ಎಂದಳು. ಬರೆದುಕೊಟ್ಟಿದ್ದೇನೆ.

ತೀರ್ಥಹಳ್ಳಿಗೆ ಈಗಲೂ ಹೋಗುತ್ತೇನೆ, ಬೆಳಿಗ್ಗೆ. ಊಟವಾದೊಡನೆ ಹೊರಟುಬಿಡುತ್ತೇನೆ. “ಏನೋ, ಇಷ್ಟು ಬೇಗ?” ಎಂದು ಅಕ್ಕ ಬೇಸರಪಡುತ್ತಾಳೆ. ಮಂಡಗದ್ದೆಯ ಹತ್ತಿರ ಬಂದಾಗ, ಬಿಸಿಲಿನಲ್ಲಿಯೂ, ನನ್ನ ಕಾಲು ತಾನಾಗಿ ವೇಗ ತಗ್ಗಿಸುತ್ತದೆ. ಮನೆ ಸೇರಿದ ಮೇಲೆ ಬೀಗದ ಕೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದಿಲ್ಲ. ನಡುಮನೆಯ ಗೋಡೆಗೆ ಒಂದು ಮೊಳೆ ಹೊಡೆದಿದ್ದೇನೆ. ಎಲ್ಲರಿಗೂ ಕಾಣುವಂತೆ, ಎಲ್ಲರ ಕೈಗೂ ಎಟುಕುವಂತೆ ಅದು ಅಲ್ಲಿ ತೂಗುತ್ತಿರುತ್ತದೆ.