ಊರು, ಬಿನ್, ಕೋಂ: ಮಗ್ಗೆ ಸೀಮೆಯ ಮನೆತನಗಳನ್ನು ದಾಖಲೆಗಳಲ್ಲಿ ಹುಡುಕುವ ಬಗೆ



ತಮ್ಮ ಮನೆತನದ ಚರಿತ್ರೆ ತಿಳಿಯಬೇಕೆಂದು ಹೊರಡುವವರು ಸಾಮಾನ್ಯವಾಗಿ ಮೊದಲು ಹಿಡಿಯುವುದು ಹೆಸರಿನ ಕೊನೆಯ ತುಂಡನ್ನು. ಗೌಡ, ನಾಯಕ, ಶೆಟ್ಟಿ, ಅರಸು, ಜಮಾದಾರ, ಹೀಗೆ ಯಾವುದೋ ಒಂದು. ಅದನ್ನೇ ಹಿಡಿದು ಹಿಂದಕ್ಕೆ ನಡೆದರೆ ಮುತ್ತಾತನ ಮನೆ ಬಾಗಿಲು ಮುಟ್ಟಬಹುದೆಂಬ ನಂಬಿಕೆ ಅವರದು. ಹೇಮಾವತಿ ನದಿಯ ದಂಡೆಯ ಮಗ್ಗೆ, ಆಲೂರು, ಸಕಲೇಶಪುರದ ಕಡೆಯ ನಮ್ಮ ಊರುಗಳಲ್ಲಿ ಆ ದಾರಿ ಬಹುದೂರ ಹೋಗುವುದಿಲ್ಲ ಎಂಬುದು ನನ್ನ ವಾದದ ಮೊದಲ ಅರ್ಧ. ಇನ್ನೊಂದು ಅರ್ಧ ಹೆಚ್ಚು ಮುಖ್ಯವಾದದ್ದು: ಅದಕ್ಕಿಂತ ಗಟ್ಟಿಯಾದ ದಾರಿ ನಮ್ಮ ಕೈಯಲ್ಲೇ ಇದೆ. ಸರ್ಕಾರದ ಸೇನಾ ದಾಖಲೆ ಮನುಷ್ಯನ ಊರನ್ನು ಹೇಳುತ್ತದೆ, ಪಿಂಚಣಿ ದಾಖಲೆ ಅವನ ವಾರಸುದಾರರನ್ನು ಹೇಳುತ್ತದೆ, ಮದುವೆಯ ದಾಖಲೆ ಅವನ ಮನೆಗೆ ಬಂದ ಹೆಣ್ಣಿನ ತವರನ್ನು ಹೇಳುತ್ತದೆ. ಈ ಮೂರೂ ಒಂದೇ ಮನೆಯನ್ನು ತೋರಿಸಿದಾಗ ಮಾತ್ರ ಮನೆತನ ಸಾಬೀತಾಯಿತೆಂದು ಒಪ್ಪಬೇಕು. ಹೆಸರು ಹೊಂದಿಕೊಂಡಿತೆಂಬ ಒಂದೇ ಕಾರಣಕ್ಕೆ ಒಪ್ಪಬಾರದು.

ನಮ್ಮಲ್ಲಿ ಹೆಸರು ಕಟ್ಟುವ ಕ್ರಮವನ್ನೇ ಮೊದಲು ನೋಡೋಣ. ನಮ್ಮ ಹಾಸನ ಜಿಲ್ಲೆಯದೇ, ಎಲ್ಲರಿಗೂ ಗೊತ್ತಿರುವ ಉದಾಹರಣೆಯೊಂದಿದೆ. ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಹೆಸರಿನಲ್ಲಿ ಎಚ್ ಎಂದರೆ ಹುಟ್ಟೂರು ಹರದನಹಳ್ಳಿ, ಡಿ ಎಂದರೆ ತಂದೆ ದೊಡ್ಡೇಗೌಡರು. ಅವರ ಮಕ್ಕಳು ಎಚ್.ಡಿ. ರೇವಣ್ಣ, ಎಚ್.ಡಿ. ಕುಮಾರಸ್ವಾಮಿ. ಅಕ್ಷರಗಳು ಅವೇ ಎರಡು, ಆದರೆ ಇಲ್ಲಿ ಡಿ ಎಂದರೆ ದೇವೇಗೌಡ. ತಂದೆಯ ಹೆಸರಿನಲ್ಲಿದ್ದ ಗೌಡ ಈ ಇಬ್ಬರು ಮಕ್ಕಳ ಹೆಸರಿನಲ್ಲಿಲ್ಲ. ಮನೆಯ ಕತೆ ಗೊತ್ತಿಲ್ಲದ ಒಬ್ಬ ಗುಮಾಸ್ತ ಈ ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸಿದರೆ ಏನಾಗುತ್ತದೆ? ಎಚ್.ಡಿ. ಎಂಬ ಅಕ್ಷರಗಳನ್ನು ನೋಡಿ ತಂದೆ ಮಕ್ಕಳನ್ನು ಅಣ್ಣತಮ್ಮಂದಿರೆಂದು ಬರೆದಾನು, ಇಲ್ಲವೇ ಕೊನೆಯ ಹೆಸರು ಬೇರೆಯಾದ್ದರಿಂದ ಸಂಬಂಧವೇ ಇಲ್ಲವೆಂದಾನು. ಎರಡೂ ತಪ್ಪು. ಇಷ್ಟು ಪ್ರಸಿದ್ಧ ಮನೆಯಲ್ಲೇ ಹೀಗಿದ್ದ ಮೇಲೆ, ನೂರು ವರ್ಷದ ಹಿಂದೆ ಯಾವುದೋ ಪಲ್ಟನ್ನಿಗೆ ಸೇರಿದ ಮಗ್ಗೆ ಕಡೆಯ ರೈತನ ಮಗನನ್ನು ಕೊನೆಯ ಹೆಸರಿನಿಂದ ಪತ್ತೆ ಮಾಡುತ್ತೇವೆ ಎನ್ನುವುದು ದೂರದ ಮಾತು. ಆದರೆ ಅದೇ ಎರಡು ಅಕ್ಷರಗಳನ್ನು ಬಿಡಿಸಿ ಓದಿದರೆ ಊರೂ ತಂದೆಯೂ ಕೈಗೆ ಸಿಗುತ್ತಾರೆ. ನಮ್ಮ ಹೆಸರುಗಳಲ್ಲಿ ಚರಿತ್ರೆ ಕೂತಿರುವುದು ಮುಂದಿನ ಅಕ್ಷರಗಳಲ್ಲಿ.

ಕೊನೆಯ ತುಂಡುಗಳ ಕತೆ ಬೇರೆ. ಅವುಗಳಲ್ಲಿ ಬಹಳಷ್ಟು ಅಧಿಕಾರದ ಹೆಸರುಗಳು. ಗೌಡ ಎಂಬುದು ಊರಿನ ಯಜಮಾನಿಕೆಗೂ ಪಟೇಲಿಕೆಗೂ ಅಂಟಿಕೊಂಡು ಬಂದದ್ದು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಯಾಗಿ ವಂಶಪಾರಂಪರ್ಯದ ಪಟೇಲಿಕೆ ಹೋಯಿತು, ಗೌಡ ಎಂಬ ಹೆಸರು ಉಳಿಯಿತು. ನಾಯಕ ಎಂಬ ಹೆಸರಂತೂ ಈ ಸೀಮೆಯಲ್ಲಿ ಮೂರು ದಿಕ್ಕಿನಿಂದ ಬಂದಿದೆ. ಐಗೂರಿನಿಂದ ಬಲಂ ಸೀಮೆಯನ್ನಾಳಿದ ಪಾಳೇಗಾರರು ನಾಯಕರು. ಅವರಲ್ಲಿ ಕೊನೆಯವನಾದ ವೆಂಕಟಾದ್ರಿ ನಾಯಕ ಟಿಪ್ಪುವಿನ ಪತನದ ನಂತರವೂ ಮಣಿಯಲಿಲ್ಲ. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಅರಕೆರೆಯ ಕಾಡುಕೋಟೆಯನ್ನು ಮುರಿಯಿತು. ನಾಯಕ ಸೆರೆಸಿಕ್ಕಿ ಗಲ್ಲಿಗೇರಿದ. ಎರಡನೆಯದಾಗಿ, ನಾಯಕ ಎಂಬುದು ಒಂದು ಸಮುದಾಯದ ಹೆಸರು. ಮೂರನೆಯದಾಗಿ, ಅದು ಸೇನೆಯಲ್ಲಿ ಸಿಪಾಯಿಗಿಂತ ಮೇಲಿನ, ಹವಾಲ್ದಾರನಿಗಿಂತ ಕೆಳಗಿನ ದರ್ಜೆ. ಒಂದು ಸೇನಾ ಪಟ್ಟಿಯಲ್ಲಿ ಹೆಸರಿನ ಜೊತೆ ನಾಯಕ ಎಂದಿದ್ದರೆ ಅದು ಪಾಳೇಗಾರನ ಕುಡಿಯೋ, ಜಾತಿಯೋ, ಬಡ್ತಿ ಪಡೆದ ಸಿಪಾಯಿಯೋ ಎಂಬುದನ್ನು ಆ ಹೆಸರೊಂದೇ ಹೇಳಲಾರದು. ಜಮಾದಾರ, ಸುಬೇದಾರ, ಬಕ್ಷಿ ಎಂಬ ಮನೆತನದ ಹೆಸರುಗಳಿಗೂ ಇದೇ ಮಾತು ಸಲ್ಲುತ್ತದೆ. ಒಂದು ತಲೆಮಾರಿನಲ್ಲಿ ಸಂಬಳದ ಹುದ್ದೆಯಾಗಿದ್ದದ್ದು ಮುಂದಿನ ತಲೆಮಾರಿನಲ್ಲಿ ಮನೆಯ ಹೆಸರಾಗಿ ನಿಂತಿತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಮಲೆನಾಡಿನ ಗದ್ದೆ ತೋಟದ ಜನಕ್ಕೂ ಸೇನೆಗೂ ಏನು ಸಂಬಂಧ? ಮೈಸೂರು ಲ್ಯಾನ್ಸರ್ಸ್‌ನಂಥ ಕುದುರೆ ಪಡೆಗಳಲ್ಲಿ ಮುಸ್ಲಿಮರು, ಮರಾಠರು, ರಜಪೂತರು, ಅರಸು ಮನೆತನದವರು ಹೆಚ್ಚಿಗೆ ಇದ್ದರಲ್ಲ? ಆಕ್ಷೇಪದಲ್ಲಿ ನಿಜವಿದೆ. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ ಸಾಕಬೇಕಾಗಿದ್ದ 4,000 ಸಿಲ್ಹೇದಾರ್ ಸವಾರರ ಪರಂಪರೆಯಿಂದಲೇ 1892ರಲ್ಲಿ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಕಟ್ಟಲಾಯಿತು. ಆ ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರ ಜೊತೆಗೂಡಿ ಕಾದಿದವರು. ಆದರೆ ಸಂಸ್ಥಾನದ ಸೇವೆ ಎಂದರೆ ಕುದುರೆ ಪಡೆಯೊಂದೇ ಅಲ್ಲ. ಕಾಲಾಳುಗಳ ಬಾರ್ ಪಡೆಗಳಿದ್ದವು. ಅದಕ್ಕಿಂತ ಮುಖ್ಯವಾಗಿ, ತಾಲ್ಲೂಕು ತಾಲ್ಲೂಕಿನಲ್ಲೂ ಕಂದಾಚಾರದ ಪೇದೆಗಳಿದ್ದರು. ಊರಿನಲ್ಲೇ ಇದ್ದು ಕಾವಲು ಕಾಯುತ್ತಾ, ಖಜಾನೆಗೆ ಬೆಂಗಾವಲಾಗುತ್ತಾ, ಕಂದಾಯ ವಸೂಲಿಗೆ ಅಮಲ್ದಾರರ ಜೊತೆ ಹೋಗುತ್ತಾ, ಬೇಕೆಂದಾಗ ಆಯುಧ ಹಿಡಿಯುತ್ತಿದ್ದ ಪಡೆ ಅದು. ಸೈನಿಕ ಎಂಬುದಕ್ಕೆ ಇಂದಿನ ಅರ್ಥವನ್ನಷ್ಟೇ ಇಟ್ಟುಕೊಂಡು ಹುಡುಕಿದರೆ ಈ ಜನ ಕಣ್ಣಿಗೆ ಬೀಳುವುದಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಚಿತ್ರ ಇನ್ನಷ್ಟು ಅಗಲವಾಯಿತು. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾದಾಗ ಮೈಸೂರು ಇನ್‌ಫೆಂಟ್ರಿಯವರೂ ಜಪಾನೀಯರ ಸೆರೆಯಾದರು. ಮುಂದೆ ಸಂಸ್ಥಾನದ ಪಡೆಗಳು ಭಾರತ ಸೇನೆಯಲ್ಲಿ ವಿಲೀನವಾದಾಗ ಆ ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು, ಲ್ಯಾನ್ಸರ್ಸ್ 61ನೇ ಕ್ಯಾವಲ್ರಿಯಲ್ಲಿ ಸೇರಿತು. ಹುಡುಕುವವರಿಗೆ ಈ ವಿಲೀನದ ವಿವರ ಬೇಕೇ ಬೇಕು, ಏಕೆಂದರೆ ಪಡೆ ಹೋದಲ್ಲಿಗೆ ಅದರ ಕಾಗದವೂ ಹೋಗುತ್ತದೆ.

ಸೇನೆಯ ಕಾಗದದಲ್ಲಿ ಏನಿರುತ್ತದೆ? ಭಾರತ ಸೇನೆಯಲ್ಲಿ ಪ್ರತಿ ಸಿಪಾಯಿಗೂ ಶೀಟ್ ರೋಲ್ ಎಂಬ ದಾಖಲೆ ಇರುತ್ತದೆ. ಅದರಲ್ಲಿ ಅವನ ಹೆಸರು, ತಂದೆಯ ಹೆಸರು, ಗ್ರಾಮ, ಅಂಚೆ ಕಚೇರಿ, ತಾಲ್ಲೂಕು, ಜಿಲ್ಲೆ, ಮೈಮೇಲಿನ ಮಚ್ಚೆ ಗಾಯದ ಗುರುತು, ಹತ್ತಿರದ ಬಂಧು ಯಾರು ಎಂಬುದೆಲ್ಲ ದಾಖಲಾಗುತ್ತದೆ. ಯುದ್ಧದಲ್ಲಿ ಮಡಿದವರಿಗೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಗಳಿವೆ. ಎರಡನೇ ಮಹಾಯುದ್ಧದ ಭಾರತೀಯರ ನಮೂದುಗಳಲ್ಲಿ ಎಷ್ಟೋ ಕಡೆ ತಂದೆ, ತಾಯಿ, ಹೆಂಡತಿ ಮೂವರ ಹೆಸರೂ ಊರೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಮೊದಲ ಮಹಾಯುದ್ಧದ ಪಂಜಾಬಿನ ಸುಮಾರು 3.2 ಲಕ್ಷ ಸೈನಿಕರ ವಿವರಗಳಿದ್ದ ರಿಜಿಸ್ಟರುಗಳು ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ಉಳಿದುಕೊಂಡಿದ್ದವು. ಇತ್ತೀಚೆಗೆ ಅವುಗಳನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸ ನಡೆದಿದೆ. ಅವುಗಳನ್ನು ಜೋಡಿಸಿರುವುದು ಜಿಲ್ಲೆ ಮತ್ತು ಹಳ್ಳಿಯ ಪ್ರಕಾರ. ಪಂಜಾಬಿನ ಮೊಮ್ಮಕ್ಕಳು ತಮ್ಮ ಅಜ್ಜಂದಿರನ್ನು ಅಲ್ಲಿ ಕಂಡುಕೊಳ್ಳುವುದು ಊರಿನ ಮೂಲಕ. ನಮಗೂ ಊರೇ ಮೊದಲ ಬೀಗದ ಕೈ.

ಊರು ಸಿಕ್ಕಿದ ಮೇಲೆ ಪಿಂಚಣಿಗೆ ಬರಬೇಕು. ಸೇನಾ ದಾಖಲೆ ಬದುಕಿರುವ ಆಳನ್ನು ಹೇಳಿದರೆ ಪಿಂಚಣಿ ದಾಖಲೆ ಅವನ ನಂತರ ಉಳಿದವರನ್ನು ಹೇಳುತ್ತದೆ. ಹಣ ಕೊಡುವ ಸರ್ಕಾರ ಸಂಬಂಧವನ್ನು ಸಾಬೀತುಪಡಿಸಿ ಎಂದು ಕೇಳಿಯೇ ಕೇಳುತ್ತದೆ. 1862ರಲ್ಲಿ ಅಮೆರಿಕದ ಅಂತರ್ಯುದ್ಧದ ಸೈನಿಕರ ವಿಧವೆಯರಿಗೆ ಪಿಂಚಣಿ ಕೊಡುವ ಕಾನೂನು ಬಂದಾಗ, ಮದುವೆಯ ಪುರಾವೆಗಾಗಿ ಹೆಂಗಸರು ಚರ್ಚಿನ ನಕಲು, ನೆರೆಹೊರೆಯವರ ಪ್ರಮಾಣಪತ್ರ ಕಳಿಸಿದರು, ಮನೆಯ ಬೈಬಲ್ಲಿನಲ್ಲಿ ಹುಟ್ಟು ಮದುವೆ ಬರೆದಿಟ್ಟ ಹಾಳೆಯನ್ನೂ ಹರಿದು ಕಳಿಸಿದರು. ಇಂದು ಆ ದೇಶದ ಬಡ ಕುಟುಂಬಗಳ ಚರಿತ್ರೆಗೆ ಆ ಕಡತಗಳೇ ಆಧಾರ. ನಮ್ಮಲ್ಲಿ ಸೈನಿಕನ ಮದುವೆ ಸೇನೆಯ ಪಾರ್ಟ್ ಟೂ ಆರ್ಡರ್ ಎಂಬ ದಾಖಲೆಯಲ್ಲಿ ನಮೂದಾಗಬೇಕು. ಪಿಂಚಣಿ ಆದೇಶದಲ್ಲಿ ಹೆಂಡತಿಯ ಹೆಸರಿರಬೇಕು. ನಮೂದಾಗದೇ ಹೋದರೆ ವಿಧವೆ ನಾಡಕಚೇರಿಯಿಂದ ವಂಶವೃಕ್ಷ ತರಬೇಕು, ನೋಟರಿಯ ಮುಂದೆ ಅಫಿಡವಿಟ್ ಮಾಡಿಸಬೇಕು. ಅಂಥ ಒಂದು ಅಫಿಡವಿಟ್ಟಿನಲ್ಲಿ ಶೀಟ್ ರೋಲಿನ ಹೆಸರು, ಪಡಿತರ ಚೀಟಿಯ ಹೆಸರು, ಪಹಣಿಯ ಹೆಸರು ಮೂರೂ ಒಬ್ಬರದೇ ಎಂದು ಬರೆದಿರುತ್ತದೆ. ಅರ್ಜಿ ಹಾಕಿದವಳಿಗೆ ಅದು ಅಲೆದಾಟದ ಕಾಗದ, ಚರಿತ್ರೆಕಾರನಿಗೆ ಮೂರು ದಾಖಲೆಗಳನ್ನು ಬೆಸೆಯುವ ಸಾಕ್ಷಿ. ಆ ಅಲೆದಾಟದ ಕಷ್ಟವನ್ನು ನಾವು ಮರೆಯಬಾರದು. ಆ ಹೆಂಗಸರ ದಣಿವಿನಿಂದಲೇ ಈ ಸಾಕ್ಷಿ ಹುಟ್ಟಿದೆ.

ಮದುವೆಯ ದಾಖಲೆಯೇ ನಮ್ಮಲ್ಲಿ ತೆಳು. 1872ರ ಕ್ರೈಸ್ತ ವಿವಾಹ ಕಾಯ್ದೆಯ ನಮೂನೆಯಲ್ಲಿ ವಧುವರರ ವಯಸ್ಸು, ವೃತ್ತಿ, ವಾಸದ ಊರು, ಇಬ್ಬರ ತಂದೆಯರ ಹೆಸರು, ಜೊತೆಗೆ ಸರ್‌ನೇಮ್ ಎಂಬ ಕಾಲಂ ಕೂಡ ಅಚ್ಚಾಗಿದೆ. ಹೀಗಾಗಿ ಕಾಫಿ ತೋಟಗಳ ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ರಿಜಿಸ್ಟರುಗಳಲ್ಲಿ ತಲೆಮಾರುಗಳು ಸಿಗುತ್ತವೆ. ಮಿಕ್ಕವರ ವಿಷಯದಲ್ಲಿ ಈ ರಾಜ್ಯದ ವಿವಾಹ ನೋಂದಣಿ ಕಾಯ್ದೆಯೇ 1976ರದು. ಎಲ್ಲ ಮದುವೆಗಳೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. ಅದಕ್ಕೆ ಹಿಂದಿನ ಕಾಲಕ್ಕೆ ಸರ್ಕಾರದ ಪುಸ್ತಕದ ಜೊತೆಗೆ ಮನೆಯ ಪುಸ್ತಕವನ್ನೂ ಸೇರಿಸಿಕೊಳ್ಳಬೇಕು. ಲಗ್ನಪತ್ರಿಕೆ ಒಂದು, ಮದುವೆಗೆ ಬಂದವರು ಕೊಟ್ಟ ಉಡುಗೊರೆಯನ್ನು ಬರೆದಿಟ್ಟ ಮುಯ್ಯಿ ಪುಸ್ತಕ ಇನ್ನೊಂದು. ಮುಯ್ಯಿ ಪುಸ್ತಕದ ಸಾಲುಗಳನ್ನು ಗಮನಿಸಿ: ಊರು ಮೊದಲು, ಹೆಸರು ಆಮೇಲೆ, ಕೊಟ್ಟ ರೂಪಾಯಿ ಕೊನೆಗೆ. ವಾಪಸ್ ಮಾಡಬೇಕಾದ ಋಣದ ಲೆಕ್ಕವಾದ್ದರಿಂದ ಅದನ್ನು ಬರೆದವರು ಊರು ತಪ್ಪದಂತೆ, ಆಳು ತಪ್ಪದಂತೆ ಬರೆದಿದ್ದಾರೆ. ಒಂದೇ ಬೆಡಗಿನೊಳಗೆ, ಅಂದರೆ ಒಂದೇ ಮೂಲದವೆನ್ನುವ ಮನೆಗಳೊಳಗೆ, ಹೆಣ್ಣು ಕೊಟ್ಟು ತರುವಂತಿಲ್ಲ. ಸೋದರಿಕೆಯಲ್ಲಿ ಮತ್ತೆ ಮತ್ತೆ ಅದೇ ಎರಡು ಮನೆಗಳು ಬೆಸೆದುಕೊಳ್ಳುತ್ತವೆ. ಹೀಗಾಗಿ ಎರಡು ಮೂರು ಮದುವೆಗಳ ಮುಯ್ಯಿ ಪಟ್ಟಿ ಪಕ್ಕಪಕ್ಕ ಇಟ್ಟರೆ ಯಾವ ಊರಿನ ಯಾವ ಮನೆ ಬೀಗರ ಮನೆ, ಯಾವುದು ದಾಯಾದಿಗಳ ಮನೆ ಎಂಬುದು ಬೇರ್ಪಟ್ಟು ಕಾಣುತ್ತದೆ.

ಈಗ ಕೂಡಿಸುವ ಕೆಲಸ. ಬಿನ್ ಎಂದರೆ ಇಂಥವರ ಮಗ, ಕೋಂ ಎಂದರೆ ಇಂಥವರ ಹೆಂಡತಿ ಎನ್ನುವ ಪಹಣಿಯ ಭಾಷೆಯಲ್ಲೇ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಸೇನೆಯ ಕಾಗದದಲ್ಲಿ ಮಂಜೇಗೌಡ ಬಿನ್ ರಂಗೇಗೌಡ, ಮಗ್ಗೆ ಎಂದಿದೆ. ಪಿಂಚಣಿಯ ಕಾಗದದಲ್ಲಿ ನಿಂಗಮ್ಮ ಕೋಂ ಮಂಜೇಗೌಡ ಎಂದಿದೆ. ಒಂದೇ ಊರಿನಲ್ಲಿ ಇಬ್ಬರು ರಂಗೇಗೌಡರ ಮಕ್ಕಳು ಇಬ್ಬರು ಮಂಜೇಗೌಡರು ಇರಲಾರರೇ ಎಂದು ಕೇಳಬಹುದು. ಖಂಡಿತ ಇರಬಲ್ಲರು, ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿರುವ ನಾಡಿನಲ್ಲಿ ಅದು ಸಹಜ. ಅದಕ್ಕೇ ನನ್ನ ನಿಯಮ: ಮೂರೂ ದಾಖಲೆಗಳು ಒಂದೇ ಮನೆಯನ್ನು ತೋರಿಸುವುದಲ್ಲದೆ, ಬೇರೆ ಬೇರೆ ಉದ್ದೇಶಕ್ಕೆ, ಬೇರೆ ಬೇರೆಯವರು ಬರೆದ ಎರಡು ದಾಖಲೆಗಳಾದರೂ ಹೆಸರಲ್ಲದ ಒಂದು ವಿಷಯದಲ್ಲಿ ಒಪ್ಪಬೇಕು. ನಿಂಗಮ್ಮನ ತವರು ಬೆಳಗೋಡೆಂದು ಪಿಂಚಣಿ ಅರ್ಜಿ ಹೇಳಿ, ಆ ಮನೆಯ ಮುಯ್ಯಿ ಪುಸ್ತಕದಲ್ಲೂ ಬೆಳಗೋಡಿನ ಬೀಗರ ಸಾಲು ಸಿಕ್ಕಿ, ಮಂಜೇಗೌಡನ ನಂತರದ ಪೌತಿ ಖಾತೆ ನಿಂಗಮ್ಮನ ಮಕ್ಕಳ ಹೆಸರಿಗೇ ಆಗಿದ್ದರೆ, ಆಗ ಇನ್ನೊಬ್ಬ ಮಂಜೇಗೌಡನಿಗೆ ಜಾಗವಿಲ್ಲ.

ಇನ್ನೊಂದು ಆಕ್ಷೇಪ: ಕಚೇರಿಯ ಕಾಗದ ಹೊರಗಿನವರು ಬರೆದದ್ದು, ತಪ್ಪುಗಳ ಗೂಡು, ಹಿರಿಯರ ನೆನಪೇ ನಂಬಿಗಸ್ತ. ಕಾಗದದಲ್ಲಿ ತಪ್ಪುಗಳಿವೆ, ನಿಜ. ಬಲಂ ಬ್ರಿಟಿಷರ ಕೈಯಲ್ಲಿ ಬುಲ್ಲಂ ಆಯಿತು, ಮಂಜರಾಬಾದ್ ಮುಂಜೇರಾಬಾದ್ ಆಯಿತು. ಹಾಸನ ಜಿಲ್ಲೆಯೇ 1880ರ ದಶಕದ ಆರಂಭದಲ್ಲಿ ರದ್ದಾಗಿ 1886ರಲ್ಲಿ ಮತ್ತೆ ಬಂತು; ಇಂದಿನ ಸಕಲೇಶಪುರ ತಾಲ್ಲೂಕು ಹಳೆಯ ಕಡತಗಳಲ್ಲಿ ಮಂಜರಾಬಾದ್ ತಾಲ್ಲೂಕು. ಆದರೆ ಇವು ಒಂದು ಕ್ರಮದಲ್ಲಿ ಬರುವ ತಪ್ಪುಗಳು. ಕ್ರಮ ತಿಳಿದರೆ ತಿದ್ದಿಕೊಳ್ಳಬಹುದು. ನೆನಪಿನ ತಪ್ಪು ಬೇರೆ ಬಗೆಯದು. ಅದು ಮೂರು ನಾಲ್ಕು ತಲೆಮಾರಿನಾಚೆಗೆ ಸಾಮಾನ್ಯ ಸಿಪಾಯಿಯನ್ನು ಪಾಳೇಗಾರನ ದಳವಾಯಿಯಾಗಿಸುತ್ತದೆ, ಮನೆ ಬಿಟ್ಟು ಹೋದ ಮಗಳನ್ನು ಪಟ್ಟಿಯಿಂದಲೇ ತೆಗೆದುಬಿಡುತ್ತದೆ. ಹಾಗೆಂದು ನೆನಪು ಬೇಡವೆಂದಲ್ಲ. ಎಲ್ಲಿ ಹುಡುಕಬೇಕೆಂದು ನೆನಪು ಹೇಳಲಿ, ಸಿಕ್ಕಿದ್ದು ಸರಿಯೇ ಎಂದು ಕಾಗದ ಹೇಳಲಿ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು. ಮನೆತನ ಹುಡುಕುವುದು ಜಾತಿಯ ಹೆಮ್ಮೆಗೆ ಗೊಬ್ಬರ ಹಾಕುವುದಲ್ಲವೇ? ಹೆಸರಿನ ಹಿಂದೆ ಹೋದರೆ ಹೌದು, ಆ ಅಪಾಯವಿದೆ. ದಾಖಲೆಯ ಹಿಂದೆ ಹೋದರೆ ಹೆಮ್ಮೆಯ ಕತೆಗಳು ಒಂದೊಂದಾಗಿ ಕಳಚುತ್ತವೆ. ಬಿರುದೆಂದುಕೊಂಡದ್ದು ತಿಂಗಳ ಸಂಬಳದ ಹುದ್ದೆ ಎಂದು ತಿಳಿಯುತ್ತದೆ. ಶುದ್ಧ ಗಂಡು ಸಾಲೆಂದುಕೊಂಡ ವಂಶ ಬೇರೆ ಬೇರೆ ಊರುಗಳಿಂದ ಬಂದ ಹೆಂಗಸರ ದುಡಿಮೆಯಿಂದ ನಿಂತದ್ದೆಂದು ತಿಳಿಯುತ್ತದೆ. ಬದುಕಿರುವವರ ಪಿಂಚಣಿ, ಮದುವೆ, ಕಾಯಿಲೆಯ ವಿವರ ಮಾತ್ರ ಅವರದು; ಒಪ್ಪಿಗೆಯಿಲ್ಲದೆ ಯಾವ ಸಂಶೋಧಕನೂ ಅದನ್ನು ಮುಟ್ಟಕೂಡದು.

ಸರ್‌ನೇಮ್ ಕಾಲಂ ಹಿಡಿದು ಹುಡುಕಿದರೆ ಸಿಗುವುದು ಗಂಡಸರ ಒಂದು ಸಾಲು, ಅದೂ ಅರ್ಧಕ್ಕೆ ಕಡಿಯುವಂಥದು. ಊರು, ಬಿನ್, ಕೋಂ ಹಿಡಿದು ಹುಡುಕಿದರೆ ಪ್ರತಿ ತಲೆಮಾರಿನಲ್ಲೂ ಎರಡು ಮನೆಗಳು ಸಿಗುತ್ತವೆ, ಹೆಣ್ಣಿನ ತವರಿಗೂ ಚರಿತ್ರೆಯಲ್ಲಿ ಜಾಗ ಸಿಗುತ್ತದೆ. ಈ ಕೆಲಸಕ್ಕೆ ಬೆಂಗಳೂರಿನ ರಾಜ್ಯ ಪತ್ರಾಗಾರವಿದೆ. ರಾಷ್ಟ್ರೀಯ ಪತ್ರಾಗಾರದ ಅಭಿಲೇಖ ಪಟಲ್ ಜಾಲತಾಣ ಮನೆಯಲ್ಲೇ ತೆರೆಯುತ್ತದೆ. ಆದರೆ ಮೂರನೆಯದಾದ ಮದುವೆಯ ದಾಖಲೆ, ನಮ್ಮ ಅಟ್ಟದ ಪೆಟ್ಟಿಗೆಯಲ್ಲಿರುವುದು, ಯಾವ ಪತ್ರಾಗಾರದಲ್ಲೂ ಇಲ್ಲ. ಗೆದ್ದಲು, ಮಳೆಗಾಲದ ಬೂಷ್ಟು ಅದನ್ನು ಹೆಚ್ಚು ಕಾಲ ಬಿಡುವುದಿಲ್ಲ. ಮಗ್ಗೆ ಸುತ್ತಿನ ಪ್ರತಿ ಮನೆಯವರಲ್ಲೂ ನನ್ನ ಕೋರಿಕೆ ಒಂದೇ: ಮುಯ್ಯಿ ಪುಸ್ತಕ, ಲಗ್ನಪತ್ರಿಕೆ, ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ ಇದ್ದರೆ ಹಾಳೆ ಹಾಳೆಯಾಗಿ ಫೋಟೊ ತೆಗೆಸಿಡಿ, ಮೂಲವನ್ನು ಒಣ ಜಾಗದಲ್ಲಿಡಿ, ಅದರಲ್ಲಿರುವ ಹೆಂಗಸರ ತವರೂರನ್ನು ಗೊತ್ತಿರುವ ಹಿರಿಯರು ಇರುವಾಗಲೇ ಕೇಳಿ ಅಂಚಿನಲ್ಲಿ ಬರೆಯಿರಿ. ಇಲ್ಲಿನ ಕಾಲೇಜುಗಳು ಈ ಕೆಲಸವನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ಪಾಠವಾಗಿ ಕೊಡಲಿ. ಸರ್ಕಾರದ ದಾಖಲೆ ಕಾಯಲು ಸರ್ಕಾರವಿದೆ. ಅದನ್ನು ಅರ್ಥವಾಗುವಂತೆ ಮಾಡುವ ಮನೆಯ ದಾಖಲೆಯನ್ನು ಕಾಯಬೇಕಾದವರು ನಾವೇ.