ಉಪ್ಪು ಸಪ್ಪೆಯಾಗುವುದುಂಟೇ?

ಮಕ್ಕಳೇ, ಸಾರು ಸಪ್ಪೆಯಾದರೆ ಅಮ್ಮ ಚಿಟಿಕೆ ಉಪ್ಪು ಹಾಕುತ್ತಾರೆ. ಉಪ್ಪೇ ಸಪ್ಪೆಯಾದರೆ ಅದಕ್ಕೆ ಏನು ಹಾಕುವುದು?

ಇದು ಸುಮಾರು 2000 ವರ್ಷ ಹಳೆಯ ಪ್ರಶ್ನೆ. ಗಲಿಲಾಯ ಸೀಮೆಯಲ್ಲಿ ಯೇಸು ತಮ್ಮ ಶಿಷ್ಯರನ್ನು ಉಪ್ಪಿಗೆ ಹೋಲಿಸಿ ಹೀಗೆ ಕೇಳಿದರೆಂದು ಬೈಬಲ್ಲಿನ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿದೆ. ಸಪ್ಪೆಯಾದ ಉಪ್ಪು ಬೀದಿಗೆ ಎಸೆಯಲಷ್ಟೇ ಲಾಯಕ್ಕು ಎಂಬ ಎಚ್ಚರಿಕೆಯೂ ಅಲ್ಲಿದೆ.

ವಿಜ್ಞಾನ ಓದುವ ನೀವು ಇಲ್ಲಿ ತಕರಾರು ತೆಗೆಯಬಹುದು. ಶುದ್ಧ ಉಪ್ಪೆಂದರೆ ಸೋಡಿಯಂ ಕ್ಲೋರೈಡ್. ಅದನ್ನು ವರ್ಷಗಟ್ಟಲೆ ಭರಣಿಯಲ್ಲಿಟ್ಟರೂ ರುಚಿ ಕೆಡದು. 801 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಕರಗುತ್ತದೆ, ಆರಿದರೆ ಮತ್ತೆ ಅದೇ ಉಪ್ಪು. ಹಾಗಿದ್ದರೆ ಆ ಮಾತು ತಪ್ಪೇ?

ಅವಸರ ಬೇಡ. ಆ ನಾಡಿನ ಉಪ್ಪು ಎಲ್ಲಿಂದ ಬರುತ್ತಿತ್ತು ನೋಡೋಣ. ಜೋರ್ಡಾನ್ ನದಿ ಹೋಗಿ ಸೇರುವುದು ಮೃತ ಸಮುದ್ರವನ್ನು. ಬೈಬಲ್ ಅದನ್ನು ಲವಣ ಸಮುದ್ರ ಎನ್ನುತ್ತದೆ. ಹೆಸರಿಗೆ ಸಮುದ್ರ, ನಿಜವಾಗಿ ದೊಡ್ಡ ಸರೋವರ. ಅದರ ದಡ ಕಡಲ ಮಟ್ಟಕ್ಕಿಂತ 400 ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ನೀರು ಒಳಗೆ ಬರುತ್ತದೆ, ಹೊರಗೆ ಹರಿಯಲು ದಾರಿಯಿಲ್ಲ. ಬಿಸಿಲಿಗೆ ನೀರು ಆವಿಯಾಗಿ ಲವಣ ಉಳಿಯುತ್ತದೆ. ಹಾಗಾಗಿ ಅದು ಸಾಮಾನ್ಯ ಕಡಲಿಗಿಂತ ಹತ್ತು ಪಟ್ಟಿನಷ್ಟು ಉಪ್ಪು!

ಆದರೆ ಅಲ್ಲಿ ಸಿಗುವುದು ನಮ್ಮ ಪ್ಯಾಕೆಟ್ಟಿನ ಪುಡಿಯುಪ್ಪಿನಷ್ಟು ಶುದ್ಧವಲ್ಲ. ಅದರಲ್ಲಿ ಮೆಗ್ನೀಸಿಯಂ ಲವಣ, ಜಿಪ್ಸಂ, ಮಣ್ಣು ಬೆರೆತಿರುತ್ತವೆ. ಮಳೆಗಾಲದಲ್ಲಿ ಕಲ್ಲುಪ್ಪು ನೀರು ಬಿಡುವುದನ್ನು ನೋಡಿದ್ದೀರಲ್ಲ? ಗಾಳಿಯ ತೇವವನ್ನು ಎಳೆದುಕೊಳ್ಳುವ ಮೆಗ್ನೀಸಿಯಂ ಕ್ಲೋರೈಡಿನ ಕೆಲಸ ಅದು. ಒಂದು ಲೀಟರ್ ನೀರಿನಲ್ಲಿ ಸುಮಾರು 360 ಗ್ರಾಂ ಉಪ್ಪು ಕರಗಿದರೆ, ಜಿಪ್ಸಂ ಕರಗುವುದು ಎರಡು ಮೂರು ಗ್ರಾಂ ಮಾತ್ರ. ಬೆರಕೆ ಉಪ್ಪು ತೇವಕ್ಕೋ ಮಳೆಗೋ ಸಿಕ್ಕರೆ ಉಪ್ಪು ಕರಗಿ ಹೋಗುತ್ತದೆ. ಬೆಳ್ಳಗಿನ ಬೇರೇನೋ ಉಳಿಯುತ್ತದೆ. ನೋಡಲು ಉಪ್ಪು, ನಾಲಿಗೆಗೆ ಸಪ್ಪೆ! ಆ ಮಾತಿನ ಹಿಂದೆ ಇಂಥ ಅನುಭವವೇ ಇದ್ದಿರಬಹುದು ಎಂದು ಹಲವರು ವಿವರಿಸುತ್ತಾರೆ.

ನೀವೇ ಮಾಡಿ ನೋಡಿ. ಒಂದು ಚಮಚ ಉಪ್ಪು, ಒಂದು ಚಮಚ ತೊಳೆದ ಅಕ್ಕಿತರಿ ಬೆರೆಸಿ ತೆಳು ಬಟ್ಟೆಯಲ್ಲಿಡಿ. ಮೇಲಿಂದ ನಾಲ್ಕೈದು ಲೋಟ ಕುಡಿಯುವ ನೀರು ಸುರಿಯಿರಿ. ಬಟ್ಟೆಯಲ್ಲಿ ಉಳಿದ ತರಿಯ ಒಂದೆರಡು ಕಾಳು ಬಾಯಿಗೆ ಹಾಕಿಕೊಳ್ಳಿ. ಉಪ್ಪು ಎಲ್ಲಿ ಹೋಯಿತು?

ಶಿಷ್ಯರನ್ನು ಉಪ್ಪಿಗೇ ಏಕೆ ಹೋಲಿಸಬೇಕಿತ್ತು? ಆಗ ಫ್ರಿಜ್ ಇರಲಿಲ್ಲ. ಗಲಿಲಾಯದ ಬೆಸ್ತರ ಮೀನು ಕೆಡದಂತೆ ಉಳಿಯಲು ಉಪ್ಪು ಬೇಕಿತ್ತು. ಉಪ್ಪು ಮೀನಿನೊಳಗಿನ ನೀರನ್ನೂ ಸೂಕ್ಷ್ಮಜೀವಿಗಳೊಳಗಿನ ನೀರನ್ನೂ ಹೊರಗೆಳೆಯುತ್ತದೆ. ನೀರಿಲ್ಲದೆ ಅವು ಬೆಳೆಯಲಾರವು. ನಮ್ಮ ಉಪ್ಪಿನಕಾಯಿ ವರ್ಷವಿಡೀ ಬಾಳುವುದಕ್ಕೂ ಇದು ಮುಖ್ಯ ಕಾರಣ.

ಕೆಡದಂತೆ ಕಾಯುವ ವಸ್ತುವಾದ್ದರಿಂದಲೋ ಏನೋ, ಬೈಬಲ್ಲಿನಲ್ಲಿ ಮುರಿಯಲಾಗದ ಮಾತಿಗೆ ‘ಉಪ್ಪಿನ ಒಡಂಬಡಿಕೆ’ ಎಂಬ ಹೆಸರೂ ಇದೆ. ಉಪ್ಪು ತಿಂದ ಮನೆಗೆ ಎರಡು ಬಗೆಯಬೇಡ ಎಂದು ನಮ್ಮ ಹಿರಿಯರೂ ಹೇಳುತ್ತಾರಲ್ಲವೇ? ದೂರದ ಎರಡು ನಾಡುಗಳು ನಂಬಿಕೆಯ ಗುರುತಾಗಿ ಒಂದೇ ವಸ್ತುವನ್ನು ಹಿಡಿದಿವೆ.

ಈಗ ಆ ಹಳೆಯ ಪ್ರಶ್ನೆ ಅರ್ಥವಾಯಿತೇ? ಹೊರಗಿನ ಬಿಳುಪು ಉಳಿದು ಒಳಗಿನ ಗುಣ ಸೋರಿಹೋಗಬಾರದು ಎಂಬುದೇ ಅದರ ತಿರುಳು. ಇವತ್ತು ಅಡುಗೆಮನೆಗೆ ಹೋದಾಗ ಉಪ್ಪಿನ ಭರಣಿಯ ಮುಚ್ಚಳ ಸರಿಯಾಗಿ ಹಾಕಿದೆಯೇ ನೋಡಿ ಬನ್ನಿ.