ಒರಟು ಕೈಗೆ ಮದ್ದು
(ಡೊಂಬಿವಲಿಯ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಕಲ್ಯಾಣದಿಂದ ಠಾಣೆಯವರೆಗೆ ಯಾವ ಹೊಟೇಲಿನ ಮೋರಿಗೆ ಹೋದರೂ ಒಣಗಿ ಬಿರಿದ ಕೈಗಳನ್ನೇ ಕಾಣುತ್ತೇವೆ. ನಾನೂ ಆ ಮೋರಿಯಿಂದ ಬಂದವನೇ. ಗಿರಣಿಯ ಬಣ್ಣದ ಖಾತೆಯ ಸೋದರರದೂ ಇದೇ ಪಾಡು. ಇದು ಹಣೆಬರಹವಲ್ಲ. ಚರ್ಮದ ಸಹಜ ಜಿಡ್ಡು ಒಳಗಿನ ಪಸೆಯನ್ನು ಕಾಯುತ್ತದೆ. ಬಿಸಿನೀರು, ಸೋಡಾ, ಸಾಬೂನು ದಿನವಿಡೀ ಆ ಜಿಡ್ಡನ್ನು ತೊಳೆದುಬಿಡುತ್ತವೆ. ಚಳಿಗಾಲದ ಒಣಹವೆ ಸೇರಿದರೆ ಮೈಯೂ ಬಿರಿಯುತ್ತದೆ.

ಬಿರಿದ ಚರ್ಮವನ್ನು ಕಲ್ಲಿನಿಂದಲೋ ನಾರಿನಿಂದಲೋ ತಿಕ್ಕಬೇಡಿರಿ. ಪಾತ್ರೆಯ ಸಾಬೂನು ಮೈಗೆ ಬೇಡ. ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಮೆಲ್ಲನೆ ಒತ್ತಿ ಒರೆಸಿ, ಪಸೆ ಆರುವ ಮೊದಲೇ ತೆಂಗಿನೆಣ್ಣೆ ಇಲ್ಲವೆ ವ್ಯಾಸಲಿನ್ ಹಚ್ಚಿರಿ. ರಾತ್ರಿ ಹಿಮ್ಮಡಿಗೂ ಹಚ್ಚಿ ಕಾಲುಚೀಲ ತೊಡಿರಿ. ರಕ್ತ, ಕೀವು, ಬೆರಳ ಸಂದಿನಲ್ಲಿ ನವೆ ಕಂಡರೆ ಡಾಕ್ಟರರಿಗೆ ತೋರಿಸಿರಿ. ಅಂಗಡಿಯವನು ಕೊಟ್ಟ ಮುಲಾಮು ಬಳಿಯಬೇಡಿರಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಹುಳುಕಡ್ಡಿ ಇನ್ನಷ್ಟು ಹಬ್ಬೀತು, ಚರ್ಮವೂ ತೆಳುವಾದೀತು.

ಆದರೆ ಎಣ್ಣೆ ಅರ್ಧ ಮದ್ದು. ಉಳಿದರ್ಧ ಧನಿಗಳ ಕೈಯಲ್ಲಿದೆ: ರಬ್ಬರಿನ ಕೈಗವಸು, ಅದರೊಳಗೆ ತೊಡಲು ಹತ್ತಿಯದು. ಇದನ್ನು ಕೇಳುವುದು ಭಿಕ್ಷೆಯಲ್ಲ. ಕೆಲಸದ ರಾಸಾಯನಿಕದಿಂದ ಬರುವ ಚರ್ಮರೋಗವನ್ನು ಕಾನೂನೇ ಉದ್ಯೋಗರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಸಂಬಳದಿಂದ ಇ.ಎಸ್.ಐ. ಹಣ ಮುರಿಯುತ್ತಿದ್ದರೆ ಅದರ ದವಾಖಾನೆಯ ಚಿಕಿತ್ಸೆ ನಿಮ್ಮ ಹಕ್ಕು.

ಒಬ್ಬ ಕೇಳಿದರೆ ಗಲ್ಲೆಯಿಂದ ಬೈಗುಳ ಬಂದೀತು. ಹತ್ತು ಮಂದಿ ಕೂಡಿ ಕೇಳಿದರೆ ಕೈಗವಸು ಬರುತ್ತದೆ. ಸಂಘದ ಕಚೇರಿಗೆ ಬನ್ನಿರಿ, ಹೆಸರು ಬರೆಸಿರಿ.